ಎರಡನೇ ರಿಮೋಟ್

ನಮ್ಮ ಮನೆಗೆ ವಿಡಿಯೋ ಗೇಮ್ ಬಂದಿದ್ದು 1996ರ ಬೇಸಿಗೆ ರಜೆಯಲ್ಲಿ. ಸೋದರಮಾವ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಲ್ಲಿ ಕೊಂಡು, ಹಾಸನದವರೆಗೂ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ತಂದಿದ್ದರು. ಡಬ್ಬ ಬಿಚ್ಚಿದರೆ ಕೆಂಪು ಬಿಳಿ ಬಣ್ಣದ ಒಂದು ಪೆಟ್ಟಿಗೆ, ಅಡಾಪ್ಟರ್, ಪ್ಲಾಸ್ಟಿಕ್ ಬಂದೂಕು, ಹಳದಿ ಬಣ್ಣದ ಒಂದು ಕ್ಯಾಸೆಟ್, ಎರಡು ರಿಮೋಟ್. ಕಂಟ್ರೋಲರ್, ಕಾರ್ಟ್ರಿಡ್ಜ್ ಅನ್ನುವ ಮಾತೆಲ್ಲ ನಮಗೆ ಗೊತ್ತಿರಲಿಲ್ಲ. ಕೈಯಲ್ಲಿ ಹಿಡಿಯುವುದು ರಿಮೋಟ್, ಪೆಟ್ಟಿಗೆಗೆ ಚುಚ್ಚುವುದು ಕ್ಯಾಸೆಟ್. ಇಲ್ಲೂ ಹಾಗೇ ಕರೆಯುತ್ತೇನೆ.

ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಅವನು ಒಂದು ರಿಮೋಟ್ ಎತ್ತಿಕೊಂಡ, ಉಳಿದಿದ್ದು ನನಗೆ ಬಂತು. ಎರಡೂ ಒಂದೇ ಥರ ಇವೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಅವನದರ ನಡುವೆ ಎರಡು ಪುಟ್ಟ ರಬ್ಬರ್ ಬಟನ್ ಇದ್ದವು, ಸ್ಟಾರ್ಟ್ ಮತ್ತು ಸೆಲೆಕ್ಟ್. ನನ್ನದರಲ್ಲಿ ಆ ಜಾಗ ಬೋಳಾಗಿತ್ತು. ಅಂದರೆ ಯಾವ ಗೇಮ್ ಆಡಬೇಕು, ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು, ಎಲ್ಲ ಅವನ ಕೈಯಲ್ಲಿ. ನನ್ನ ಕೈಯಲ್ಲಿ ನಾಲ್ಕು ದಿಕ್ಕು, ಮತ್ತೆ ಎ, ಬಿ.

ಈ ಹಳೇ ಗೇಮ್‌ಗಳ ಬಗ್ಗೆ ಬರೆಯುವವರೆಲ್ಲ ಮೊದಲನೇ ರಿಮೋಟ್ ಹಿಡಿದವರಂತೆ ಬರೆಯುತ್ತಾರೆ. ಎಷ್ಟು ಲೆವೆಲ್, ಎಷ್ಟು ಕಷ್ಟ, ಕೊನೆಗೆ ಯಾರು ಬರುತ್ತಾರೆ, ಅಷ್ಟೇ. ನಾನು ಆರು ವರ್ಷ ಎರಡನೇ ರಿಮೋಟ್ ಹಿಡಿದವಳು. ನನ್ನ ಅಳತೆ ಬೇರೆ. ಪಕ್ಕದಲ್ಲಿ ಕೂತ ಎರಡನೆಯವರಿಗೆ ಈ ಗೇಮ್ ಏನು ಕೊಟ್ಟಿತು ಅಂತ ಕೇಳುತ್ತೇನೆ. ಆ ಅಳತೆಯಲ್ಲಿ ತುಂಬಾ ಹೆಸರು ಮಾಡಿದ ಕೆಲವು ಗೇಮ್‌ಗಳು ಕೆಳಗಿಳಿಯುತ್ತವೆ. ಯಾರೂ ಜಾಸ್ತಿ ಮಾತಾಡದ ಕೆಲವು ಮೇಲೆ ಬರುತ್ತವೆ.

ನಮ್ಮ ಪೆಟ್ಟಿಗೆ ಒಂದು ನಕಲು ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಅಸಲಿ ಪೆಟ್ಟಿಗೆಯ ಹೆಸರು ಫ್ಯಾಮಿಕಾಮ್. ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಕಂಪನಿ ಅದನ್ನು 1983ರ ಜುಲೈ 15ರಂದು ಮಾರಾಟಕ್ಕೆ ಬಿಟ್ಟಿತು. ಬೆಲೆ 14,800 ಯೆನ್. ಮಸಯುಕಿ ಉಎಮುರಾ ಎಂಬ ಎಂಜಿನಿಯರ್ ಅದರ ಹಿಂದಿದ್ದವರು. ಅಲ್ಲೂ ಎರಡು ರಿಮೋಟ್ ಒಂದೇ ಥರ ಇರಲಿಲ್ಲ. ಎರಡರ ವೈರೂ ಪೆಟ್ಟಿಗೆಯ ಒಳಗಿನಿಂದಲೇ ಬರುತ್ತಿತ್ತು, ಬಿಚ್ಚಿ ಬದಲಾಯಿಸುವ ಹಾಗಿರಲಿಲ್ಲ. ಎರಡನೆಯದರಲ್ಲಿ ಸ್ಟಾರ್ಟ್ ಇಲ್ಲ, ಸೆಲೆಕ್ಟ್ ಇಲ್ಲ. ಆದರೆ ಆ ಜಾಗವನ್ನು ಅವರು ಬೋಳು ಬಿಟ್ಟಿರಲಿಲ್ಲ. ಅಲ್ಲೊಂದು ಪುಟ್ಟ ಮೈಕ್ ಇಟ್ಟಿದ್ದರು, ಸದ್ದು ಹೆಚ್ಚು ಕಡಿಮೆ ಮಾಡಲು ಒಂದು ಜಾರುವ ಬಟನ್ ಕೂಡ. ಮಾತಾಡಿದರೆ ಟಿವಿಯಲ್ಲಿ ಕೇಳುತ್ತಿತ್ತು. ಇದನ್ನು ಓದಿದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಜಪಾನಿನ ತಂಗಿಯರಿಗೆ ಸ್ಟಾರ್ಟ್ ಬಟನ್ ಸಿಗದಿದ್ದರೂ ದನಿ ಸಿಕ್ಕಿತ್ತಲ್ಲ ಅಂತ.

ಆ ಮೈಕನ್ನು ಉಪಯೋಗಿಸಿದ ಗೇಮ್‌ಗಳು ಕಡಿಮೆ. ನನಗೆ ಇಷ್ಟವಾದದ್ದು 1986ರ ಜೆಲ್ಡಾ ಎಂಬ ಗೇಮಿನಲ್ಲಿರುವುದು. ಅದರ ನೆಲಮಾಳಿಗೆಗಳಲ್ಲಿ ಮೊಲದ ಹಾಗೆ ಉದ್ದ ಕಿವಿಯ ಒಂದು ಪ್ರಾಣಿ ಕುಪ್ಪಳಿಸುತ್ತಾ ಬರುತ್ತದೆ. ಅದರ ಹೆಸರು ಪೋಲ್ಸ್ ವಾಯ್ಸ್. ಕತ್ತಿಯಿಂದ ಹೊಡೆದರೆ ಬೇಗ ಸಾಯುವುದಿಲ್ಲ. ಎರಡನೇ ರಿಮೋಟ್‌ನ ಮೈಕಿಗೆ ಜೋರಾಗಿ ಕೂಗಿದರೆ ಸಾಯುತ್ತದೆ. ಜೆಲ್ಡಾ ಒಬ್ಬರೇ ಆಡುವ ಗೇಮ್. ಆದರೂ ಪಕ್ಕದಲ್ಲಿ ತಂಗಿಯೋ ತಮ್ಮನೋ ಇದ್ದರೆ, ಅವರು ಕೂಗಿ ಅಣ್ಣನನ್ನು ಕಾಪಾಡಬಹುದಿತ್ತು. ಅಮೆರಿಕಕ್ಕೆ ಹೋಗುವಾಗ ಪೆಟ್ಟಿಗೆಯ ರೂಪ ಬದಲಾಯಿತು, ಎರಡೂ ರಿಮೋಟ್ ಒಂದೇ ಥರ ಆದವು, ಮೈಕ್ ಹೋಯಿತು. ಆದರೆ ಅಲ್ಲಿನ ಜೆಲ್ಡಾ ಕೈಪಿಡಿಯಲ್ಲಿ ಈ ಪ್ರಾಣಿಗೆ ಜೋರು ಸದ್ದು ಆಗುವುದಿಲ್ಲ ಅನ್ನುವ ಮಾತು ಹಾಗೇ ಉಳಿದುಕೊಂಡಿತು. ಕೂಗಲು ಮೈಕೇ ಇಲ್ಲದ ಮಕ್ಕಳು ಅದನ್ನು ಓದಿ ತಲೆ ಕೆರೆದುಕೊಂಡರು.

ನಮ್ಮ ನಕಲಿನಲ್ಲೂ ಮೈಕ್ ಇರಲಿಲ್ಲ, ಜೆಲ್ಡಾನೂ ಇರಲಿಲ್ಲ. ಇದ್ದದ್ದು ಒಂದೇ ಹಳದಿ ಕ್ಯಾಸೆಟ್. ಅದರ ಮೇಲೆ 9999999 ಗೇಮ್ ಅಂತ ಬರೆದಿತ್ತು. ಪಟ್ಟಿಯಲ್ಲಿ ಕೆಳಗೆ ಹೋದಷ್ಟೂ ಅದೇ ಗೇಮ್‌ಗಳು ಬೇರೆ ಬೇರೆ ಹೆಸರಲ್ಲಿ ಬರುತ್ತಿದ್ದವು. ಒಂದರಲ್ಲಿ ಮೂರನೇ ಲೆವೆಲ್‌ನಿಂದ ಶುರು, ಇನ್ನೊಂದರಲ್ಲಿ ಲೈಫ್ ಜಾಸ್ತಿ. ನಿಜವಾಗಿ ಬೇರೆ ಬೇರೆ ಅನ್ನುವಂಥವು ಬೆರಳೆಣಿಕೆಯಷ್ಟು. ಅಷ್ಟು ಸಾಕಾಗಿತ್ತು ನಮಗೆ.

ಇನ್ನೊಂದು ವಿಷಯ ಹೇಳಿಬಿಡಬೇಕು. ನಮ್ಮ ಟಿವಿ ಬ್ಲ್ಯಾಕ್ ಅಂಡ್ ವೈಟ್. ಹಿಂದೆ ಆಂಟೆನಾದ ಚಪ್ಪಟೆ ವೈರ್ ಬಿಚ್ಚಿ, ಪೆಟ್ಟಿಗೆಯ ವೈರ್ ಸಿಕ್ಕಿಸಿ, ಮುಂದಿನ ಟ್ಯೂನರ್ ಚಕ್ರವನ್ನು ಉಗುರಿನಿಂದ ಕೂದಲೆಳೆಯಷ್ಟು ತಿರುಗಿಸಬೇಕಿತ್ತು. ಮೊದಲು ಬರೀ ಸೊರ್ ಅನ್ನುವ ಸದ್ದು, ಆಮೇಲೆ ಅಡ್ಡ ಗೆರೆಗಳು, ಆಮೇಲೆ ಇದ್ದಕ್ಕಿದ್ದಂತೆ ಗೇಮ್‌ಗಳ ಪಟ್ಟಿ. ಭಾನುವಾರ ಸಂಜೆಯಾದರೆ ಅಮ್ಮ ಒಳಗಿನಿಂದಲೇ, "ಆಂಟೆನಾ ವೈರ್ ಹಾಕ್ರೋ, ಪಿಕ್ಚರ್ ಶುರುವಾಗತ್ತೆ" ಅನ್ನುತ್ತಿದ್ದರು. ಹಾಗಾಗಿ ನಾನು ಬಲ್ಲ ಈ ಗೇಮ್‌ಗಳೆಲ್ಲ ಬೂದು ಬಣ್ಣದವು. ಯಾರ ಪ್ಯಾಂಟು ನೀಲಿ, ಯಾರದು ಕೆಂಪು ಅಂತ ಗೊತ್ತಾಗಿದ್ದು ಕಾಲೇಜಿನಲ್ಲಿ ಕಂಪ್ಯೂಟರ್ ಮೇಲೆ ಅವುಗಳ ಚಿತ್ರ ನೋಡಿದಾಗ.

ಸೂಪರ್ ಮಾರಿಯೋ ಬ್ರದರ್ಸ್‌ನಿಂದ ಶುರು ಮಾಡುತ್ತೇನೆ. ಅದನ್ನು ಬಿಟ್ಟು ಈ ಪೆಟ್ಟಿಗೆಯ ಬಗ್ಗೆ ಮಾತೇ ಇಲ್ಲ. 1985ರ ಸೆಪ್ಟೆಂಬರ್ 13ರಂದು ಬಂದದ್ದು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಝುಕಾ ಕಟ್ಟಿದ್ದು, ಸಂಗೀತ ಕೋಜಿ ಕೊಂಡೊ ಅವರದು. ಇಬ್ಬರು ಆಡಬಹುದು ಅಂತ ಮೊದಲ ಪರದೆಯಲ್ಲೇ ಇದೆ. ಆದರೆ ಎರಡನೆಯವರು ಲುಯಿಗಿ, ಅವನ ಸರದಿ ಬರುವುದು ಮಾರಿಯೋ ಸತ್ತಮೇಲೆ. ಮಾರಿಯೋ ಸಾಯದೆ ಲೆವೆಲ್ ಮೇಲೆ ಲೆವೆಲ್ ದಾಟುತ್ತಿದ್ದರೆ ಲುಯಿಗಿ ಕಾಯುತ್ತಲೇ ಇರಬೇಕು. ಅಣ್ಣ ಚೆನ್ನಾಗಿ ಆಡಲು ಕಲಿತಷ್ಟೂ ನನ್ನ ಆಟ ಕಡಿಮೆಯಾಗುತ್ತಾ ಹೋಯಿತು. ಲುಯಿಗಿಗೆ ಅಂತ ಬೇರೆ ಚಿತ್ರವೂ ಇಲ್ಲ, ಅದೇ ಮಾರಿಯೋಗೆ ಬೇರೆ ಬಣ್ಣ ಹಚ್ಚಿದ್ದಾರೆ. ಎರಡನೇ ರಿಮೋಟ್‌ಗೆ ಈ ಗೇಮ್ ಕೊಟ್ಟದ್ದು ಬಹಳ ಕಡಿಮೆ. ಇದನ್ನು ನಾನು ಬೇಸರದಿಂದಲೇ ಹೇಳುತ್ತೇನೆ, ಯಾಕೆಂದರೆ ಇದು ನನಗೆ ಪ್ರಾಣ.

ಆದರೆ ಕಾಯುವವರಿಗೆ ಕಾಣುವುದು ಓಡುವವರಿಗೆ ಕಾಣುವುದಿಲ್ಲ. ಅಣ್ಣ ಮುಂದಿನ ಗುಂಡಿ ಎಲ್ಲಿದೆ ಅಂತ ನೋಡುತ್ತಾ ಓಡುತ್ತಿದ್ದ. ನಾನು ಸುಮ್ನೆ ಕೂತು ಹಿಂದಿನ ಆಕಾಶ ನೋಡುತ್ತಿದ್ದೆ. ಒಂದು ದಿನ ನನಗೆ ಹೊಳೆಯಿತು: ಮೇಲಿನ ಮೋಡ, ಕೆಳಗಿನ ಪೊದೆ, ಎರಡೂ ಒಂದೇ ಆಕಾರ. ಬಣ್ಣವಿಲ್ಲದ ಟಿವಿಯಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಮೋಡ ಬೆಳ್ಳಗೆ, ಪೊದೆ ಬೂದು, ಅಂಚಿನ ಉಬ್ಬುಗಳು ಮಾತ್ರ ಒಂದೂ ಬದಲಾಗದೆ ಹಾಗೇ. ಅಣ್ಣನಿಗೆ ಹೇಳಿದೆ. ಅವನು ಆಟ ನಿಲ್ಲಿಸಿ ನೋಡಿ, "ಹೌದಲ್ವಾ" ಅಂದ. ಅವನು ನನಗೋಸ್ಕರ ಆಟ ನಿಲ್ಲಿಸಿದ್ದು ಅದೇ ಮೊದಲು.

ಅದಕ್ಕೆ ಕಾರಣ ಆಮೇಲೆ ಓದಿ ತಿಳಿದೆ. ಆ ಇಡೀ ಗೇಮ್ ಇರುವುದು 40 ಕಿಲೋಬೈಟ್‌ನಲ್ಲಿ. ಅದರಲ್ಲಿ ಚಿತ್ರಗಳಿಗೆ ಸಿಕ್ಕಿದ್ದು ಬರೀ 8. ಇವತ್ತು ಫೋನಿನಲ್ಲಿ ಬರುವ ಒಂದು ಶುಭೋದಯದ ಫೋಟೋ ಇದರ ಎಷ್ಟೋ ಪಟ್ಟು ದೊಡ್ಡದು. ಅಷ್ಟು ಚಿಕ್ಕ ಜಾಗದಲ್ಲಿ ಪೊದೆಗೆ ಬೇರೆ ಚಿತ್ರ ಬರೆಯುವ ಬದಲು ಅದೇ ಆಕಾರಕ್ಕೆ ಹಸಿರು ಹಚ್ಚಿದ್ದಾರೆ. ಮನೆಯಲ್ಲಿ ಒಂದೇ ಸೀರೆಯನ್ನು ಅಮ್ಮ ಉಟ್ಟು, ಆಮೇಲೆ ಲಂಗ ಹೊಲಿಸಿ, ಆಮೇಲೆ ದಿಂಬಿನ ಕವರ್ ಮಾಡುತ್ತಿದ್ದರಲ್ಲ, ಆ ಥರದ ಬುದ್ಧಿ. ನನಗೆ ಇದು ತುಂಬಾ ಹತ್ತಿರವಾಯಿತು.

ಸಂಗೀತವೂ ಹಾಗೇ, ಕಾಯುವವರಿಗೇ ಜಾಸ್ತಿ ಕೇಳುತ್ತದೆ. ಸಮಯ 100ಕ್ಕೆ ಇಳಿದ ಕೂಡಲೇ ಅದೇ ರಾಗ ಓಡಲು ಶುರುವಾಗುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಅಮ್ಮನಿಗೂ ಅದು ಗೊತ್ತಾಗಿ, "ಟೈಮಾಯ್ತು ಅಂತ ಕಾಣತ್ತೆ ನಿಮ್ದು" ಅನ್ನುತ್ತಿದ್ದರು. 1-2 ಅನ್ನುವ ಲೆವೆಲ್‌ನ ನೆಲಮಾಳಿಗೆಯಲ್ಲಿ ಚಾವಣಿಯ ಮೇಲೆ ಹತ್ತಿ ಓಡಿದರೆ, ನೇರ ಮುಂದಿನ ಲೋಕಗಳಿಗೆ ಜಿಗಿಸುವ, 4, 3, 2 ಅಂತ ಬರೆದ ಮೂರು ಪೈಪ್ ಸಿಗುತ್ತವಲ್ಲ, ಅದನ್ನು ನಮ್ಮ ಮನೆಯಲ್ಲಿ ಮೊದಲು ಹೇಳಿದ್ದು ನಾನು. ಮೇಲೆ ಅಂಕಿಗಳಿರುವ ಪಟ್ಟಿಯ ಕೆಳಗೆ ಒಂದಿಷ್ಟು ಖಾಲಿ ಜಾಗ ಇದೆ, ಅಲ್ಲಿಗೆ ಹೋಗಬಹುದೇನೋ ಅಂತ ದಿನಾ ಅನ್ನಿಸುತ್ತಿತ್ತು. ರಿಮೋಟ್ ಅವನದು, ದಾರಿ ನನ್ನದು.

ಅದೇ ಅಣ್ಣತಮ್ಮಂದಿರ ಹಳೇ ಗೇಮ್, ಬರೀ ಮಾರಿಯೋ ಬ್ರದರ್ಸ್, 1983ರದು. ಚಿಕ್ಕದು, ಒಂದೇ ಪರದೆ. ಇಬ್ಬರೂ ಒಟ್ಟಿಗೇ ಇರುತ್ತಾರೆ, ಒಬ್ಬರನ್ನೊಬ್ಬರು ತಳ್ಳಬಹುದು, ಆಮೆಯನ್ನು ಕೆಳಗಿನಿಂದ ಗುದ್ದಿ ಮಗುಚಿಹಾಕಬಹುದು. ಎರಡನೇ ರಿಮೋಟ್‌ನ ಲೆಕ್ಕದಲ್ಲಿ ಇದು ತನ್ನ ಹೆಸರುವಾಸಿ ತಮ್ಮನಿಗಿಂತ ಎಷ್ಟೋ ದೊಡ್ಡ ಮನಸ್ಸಿನ ಗೇಮ್.

ಎಕ್ಸೈಟ್‌ಬೈಕ್, ರೋಡ್ ಫೈಟರ್, ಅಡ್ವೆಂಚರ್ ಐಲ್ಯಾಂಡ್, ಮೊದಲ ಬಾಂಬರ್‌ಮ್ಯಾನ್, ಇವೆಲ್ಲ ಒಬ್ಬರ ಆಟ. ಚೆನ್ನಾಗಿವೆ. ಬೈಕಿನ ಎಂಜಿನ್ ಬಿಸಿಯಾಗುವ ಪಟ್ಟಿಯನ್ನು ನೋಡುತ್ತಾ "ಸಾಕು, ಬಿಡು ಬಿಡು" ಅಂತ ಕೂಗುವ ಕೆಲಸ ಮಾತ್ರ ನನಗಿತ್ತು. ಮುಂದೆ ಹೋಗೋಣ.

ಡಕ್ ಹಂಟ್ 1984ರದು. ಬಾತುಕೋಳಿ ಹಾರುತ್ತದೆ, ಬಂದೂಕಿನಿಂದ ಹೊಡೆಯಬೇಕು, ತಪ್ಪಿದರೆ ಹುಲ್ಲಿನಿಂದ ನಾಯಿ ಎದ್ದು ನಗುತ್ತದೆ. ಬಂದೂಕಿನಿಂದ ಏನೋ ಹೊರಟು ಟಿವಿಗೆ ತಾಗುತ್ತದೆ ಅಂತ ನಾವು ನಂಬಿದ್ದೆವು. ನಿಜ ಉಲ್ಟಾ. ಬಂದೂಕಿನ ಒಳಗಿರುವುದು ಬೆಳಕನ್ನು ಗುರುತಿಸುವ ಒಂದು ಕಣ್ಣು. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಆಮೇಲೆ ಬಾತುಕೋಳಿ ಇರುವ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ತಾಗಿದೆ ಅಂತ ಅರ್ಥ. ಬಣ್ಣ ಬೇಕಾಗಿಲ್ಲ, ನಮ್ಮ ಟಿವಿಯಲ್ಲೂ ಸರಿಯಾಗಿಯೇ ನಡೆಯಿತು. ಈಗಿನ ಚಪ್ಪಟೆ ಟಿವಿಗಳಲ್ಲಿ ನಡೆಯುವುದಿಲ್ಲ. ಅವು ಚಿತ್ರ ತೋರಿಸುವುದರಲ್ಲಿ ಸ್ವಲ್ಪ ತಡ ಮಾಡುತ್ತವೆ, ಬಂದೂಕು ಅಷ್ಟು ಹೊತ್ತು ಕಾಯುವುದಿಲ್ಲ.

ಬಂದೂಕು ಒಂದೇ. ಹಾಗಾಗಿ ಇದನ್ನೂ ಒಬ್ಬರ ಆಟ ಅಂದುಕೊಂಡಿದ್ದೆವು. ದೊಡ್ಡವಳಾದ ಮೇಲೆ ಓದಿದೆ: ಒಂದೇ ಬಾತುಕೋಳಿ ಬರುವ ಆಟದಲ್ಲಿ, ಬಂದೂಕು ಹಿಡಿಯದವರು ರಿಮೋಟ್‌ನಿಂದ ಆ ಬಾತುಕೋಳಿಯನ್ನು ಹಾರಿಸಬಹುದು! ಬೇಟೆಗಾರ ಒಬ್ಬರು, ಹಕ್ಕಿ ಇನ್ನೊಬ್ಬರು. ಎಂಥ ಒಳ್ಳೆಯ ಯೋಚನೆ. ನಾನು ಆ ರಜೆಯೆಲ್ಲ ಅಣ್ಣನ ಪಕ್ಕ ಕೈಕಟ್ಟಿ ಕೂತಿದ್ದೆ. ಒಬ್ಬರಾದರೂ ನಮಗೆ ಹೇಳಬಾರದಿತ್ತಾ ಅಂತ ಈಗಲೂ ಅನ್ನಿಸುತ್ತದೆ. ಅಸಲಿ ಪೆಟ್ಟಿಗೆ ಕೊಂಡವರಿಗೆ ಜೊತೆಗೊಂದು ಕೈಪಿಡಿ ಸಿಗುತ್ತಿತ್ತು. ನಮಗೆ ಸಿಕ್ಕಿದ್ದು ಕ್ಯಾಸೆಟ್ ಮಾತ್ರ.

ಬಲೂನ್ ಫೈಟ್ ಬಂದಿದ್ದು 1985ರ ಜನವರಿಯಲ್ಲಿ. ತಲೆಯ ಮೇಲೆ ಎರಡು ಬಲೂನ್ ಕಟ್ಟಿಕೊಂಡು ಕೈ ಬಡಿಯುತ್ತಾ ಹಾರಬೇಕು, ಎದುರಾಳಿಯ ಬಲೂನ್ ಒಡೆಯಬೇಕು, ನೀರಿನ ಹತ್ತಿರ ಹೋದರೆ ಮೀನು ನುಂಗುತ್ತದೆ. ಇದರ ಪ್ರೋಗ್ರಾಂ ಬರೆದವರು ಸತೋರು ಇವಾಟ. ಆಗ ಹ್ಯಾಲ್ ಲ್ಯಾಬೊರೇಟರಿ ಎಂಬ ಪುಟ್ಟ ಕಂಪನಿಯಲ್ಲಿದ್ದ ಹುಡುಗ, 2002ರಲ್ಲಿ ನಿಂಟೆಂಡೊದ ಅಧ್ಯಕ್ಷರಾದರು, 2015ರಲ್ಲಿ ತೀರಿಕೊಂಡರು. ಈ ಗೇಮಿನ ಹಾರಾಟ ಬಹಳ ನಯ. ಬಟನ್ ಬಿಟ್ಟರೆ ತಕ್ಷಣ ನಿಲ್ಲುವುದಿಲ್ಲ, ಗಾಳಿಯಲ್ಲಿ ಸ್ವಲ್ಪ ತೇಲುತ್ತಾ ಜಾರುತ್ತದೆ. ಪರದೆಯ ಚುಕ್ಕಿಗಳನ್ನು ಇಡಿ ಸಂಖ್ಯೆಯಾಗಿ ಎಣಿಸದೆ, ಚುಕ್ಕಿಗಿಂತ ಸಣ್ಣ ಭಾಗಗಳನ್ನೂ ಲೆಕ್ಕ ಇಟ್ಟಿದ್ದರಿಂದ ಆ ನಯ ಬಂದಿದೆ. ಸೂಪರ್ ಮಾರಿಯೋ ಮಾಡುತ್ತಿದ್ದವರು ಇದನ್ನು ಇವಾಟ ಅವರಿಂದಲೇ ಕೇಳಿ ತಿಳಿದುಕೊಂಡರು, ಮಾರಿಯೋ ನೀರಿನಲ್ಲಿ ಈಜುವ ಲೆವೆಲ್‌ಗಳಲ್ಲಿ ಅದೇ ಉಪಾಯ ಬಂತು. ಬಲೂನಿನ ತೇಲಾಟ ಮಾರಿಯೋನ ಈಜಾಯಿತು. ಎರಡನ್ನೂ ಆಡಿದವರ ಹೆಬ್ಬೆರಳಿಗೆ ಇದು ಮೊದಲೇ ಗೊತ್ತಿರುತ್ತದೆ.

ಇಲ್ಲಿ ಇಬ್ಬರೂ ಒಟ್ಟಿಗೆ ಹಾರುತ್ತಾರೆ. ಒಂದೇ ಪಕ್ಷ. ಆದರೂ ಅಣ್ಣನ ಬಲೂನನ್ನು ನಾನು ಒಡೆಯಬಹುದು, ನನ್ನದನ್ನು ಅವನು. ಬೇಕೆಂದೇ ಒಡೆದದ್ದು ಎರಡು ಮೂರು ಸಲ ಇರಬಹುದು, ಗೊತ್ತಾಗದೆ ಒಡೆದದ್ದು ನೂರಾರು ಸಲ. "ಬೇಕಂತ ಮಾಡಿಲ್ಲ ಕಣೋ" ಅನ್ನುವ ಮಾತನ್ನು ನಾನು ಈ ಗೇಮ್‌ನಲ್ಲಿ ಹೇಳಿದಷ್ಟು ಬೇರೆಲ್ಲೂ ಹೇಳಿಲ್ಲ. ಎರಡನೇ ರಿಮೋಟ್ ಹಿಡಿದವರಿಗೆ ಕಾಪಾಡುವ ಬಲವೂ ಇದೆ, ಕೆಡಿಸುವ ಬಲವೂ ಇದೆ. ಎರಡೂ ಕೈಯಲ್ಲಿದ್ದಾಗಲೇ ನಾನು ಆಟದಲ್ಲಿ ಇದ್ದೇನೆ ಅನ್ನಿಸುತ್ತಿತ್ತು.

ಐಸ್ ಕ್ಲೈಂಬರ್ ಕೂಡ ಅದೇ ತಿಂಗಳು ಬಂದದ್ದು. ಪೋಪೊ ಒಬ್ಬ ಹುಡುಗ, ನಾನಾ ಒಬ್ಬಳು ಹುಡುಗಿ, ಕೈಯಲ್ಲಿ ಸುತ್ತಿಗೆ, ಹತ್ತಲು 32 ಬೆಟ್ಟ. ಎರಡನೇ ರಿಮೋಟ್ ನಾನಾಳದು. ಇಡೀ ಕ್ಯಾಸೆಟ್‌ನಲ್ಲಿ ನನಗೆ ಸಿಕ್ಕ ಒಬ್ಬಳೇ ಹುಡುಗಿ ಅವಳು, ಹಾಗಾಗಿ ಅವಳ ಮೇಲೆ ತುಂಬಾ ಪ್ರೀತಿ. ಆದರೆ ಗೇಮ್ ಅವಳಿಗೆ ನ್ಯಾಯ ಮಾಡಿಲ್ಲ. ಹಾರಿದರೆ ಮೇಲಕ್ಕೆ ಮಾತ್ರ ಹೋಗುತ್ತಾಳೆ, ಪಕ್ಕಕ್ಕೆ ಸರಿಯುವುದು ಕೂದಲೆಳೆಯಷ್ಟು. ಅಂಚು ಸಿಕ್ಕಿತು ಅನ್ನುವಷ್ಟರಲ್ಲಿ ಹಲಗೆಯೊಳಗಿಂದಲೇ ಜಾರಿ ಬೀಳುತ್ತಾಳೆ. ಅದಕ್ಕಿಂತ ಕಷ್ಟ ಇನ್ನೊಂದಿದೆ. ಮೊದಲು ಹತ್ತಿದವರ ಜೊತೆ ಪರದೆ ಮೇಲೆ ಹೋಗುತ್ತದೆ, ಕೆಳಗುಳಿದವರು ಸಾಯುತ್ತಾರೆ. ಅಣ್ಣ ಎರಡು ಅಂತಸ್ತು ಜಾಸ್ತಿ ಹತ್ತಿದರೆ ಮುಗಿಯಿತು.

ಕಾಂಟ್ರಾದಲ್ಲೂ ಇದೇ ನಿಯಮ ಇದೆ, ಆದರೆ ಒಂದೇ ಕಡೆ. ಕೊನಾಮಿ ಕಂಪನಿ ಇದನ್ನು 1987ರಲ್ಲಿ ಅಂಗಡಿಗಳ ದೊಡ್ಡ ಯಂತ್ರಗಳಿಗೆ ಮಾಡಿ, 1988ರಲ್ಲಿ ಈ ಪೆಟ್ಟಿಗೆಗೆ ತಂದಿತು. ಅದರ ಇಬ್ಬರು ಸೈನಿಕರಲ್ಲಿ ಬಿಲ್‌ಗೆ ನೀಲಿ ಪ್ಯಾಂಟ್, ಲ್ಯಾನ್ಸ್‌ಗೆ ಕೆಂಪು ಪ್ಯಾಂಟ್. ನಮ್ಮ ಟಿವಿಯಲ್ಲಿ ಇಬ್ಬರೂ ಬೂದು. ಲೆವೆಲ್ ಶುರುವಾದ ಕೂಡಲೇ ನಾನೊಂದು ಸಲ ಹಾರುತ್ತಿದ್ದೆ. ಹಾರಿದವನು ನಾನು, ನಿಂತವನು ಅಣ್ಣ. ನಡುವೆ ಬಾಂಬಿನ ಗಲಾಟೆಯಲ್ಲಿ ಕಳೆದುಹೋದರೆ ಮತ್ತೆ ಹಾರಿ ನನ್ನನ್ನು ನಾನೇ ಹುಡುಕಿಕೊಳ್ಳಬೇಕಿತ್ತು.

ಮೊದಲ ಲೆವೆಲ್ ಕಾಡು. ಅಲ್ಲಿ ಪರದೆ ಬಲಕ್ಕೆ ಸರಿಯುತ್ತದೆ, ಆದರೆ ಹಿಂದುಳಿದವರನ್ನು ಬಿಟ್ಟು ಹೋಗುವುದಿಲ್ಲ. ಒಬ್ಬರು ನಿಂತರೆ ಇಬ್ಬರೂ ನಿಲ್ಲಬೇಕು. ಮೂರನೆಯದು ಜಲಪಾತ. ಅಲ್ಲಿ ಪರದೆ ಮೇಲಕ್ಕೆ ಹೋಗುತ್ತದೆ, ಕೆಳಗಿನ ಅಂಚೇ ಸಾವು. ಅಣ್ಣ ಚಕಚಕನೆ ಬಂಡೆಯಿಂದ ಬಂಡೆಗೆ ಹಾರುತ್ತಿದ್ದ, ನಾನು ನಿಂತ ಬಂಡೆ ಪರದೆಯಿಂದ ಇಳಿದು ಹೋಗುತ್ತಿತ್ತು, ನನ್ನ ಲೈಫ್ ಒಂದೊಂದೇ ಖಾಲಿ. ಶತ್ರುಗಳಿಂದ ಸತ್ತದ್ದಕ್ಕಿಂತ ಅಣ್ಣನ ಅವಸರಕ್ಕೆ ಸತ್ತದ್ದೇ ಜಾಸ್ತಿ. ಅತ್ತಿದ್ದೇನೆ, ರಿಮೋಟ್ ನೆಲಕ್ಕಿಟ್ಟು ಎದ್ದು ಹೋಗಿದ್ದೇನೆ.

ಆಮೇಲೆ ಏನಾಯಿತೆಂದರೆ, ಮೇಲಿನ ಬಂಡೆಗಳಿಂದ ಗುಂಡು ಬರುವ ಕಡೆ ಒಬ್ಬನ ಕೈಲಿ ಆಗುವುದಿಲ್ಲ ಅಂತ ಅವನಿಗೆ ಅರ್ಥವಾಯಿತು. ಒಂದು ಮಧ್ಯಾಹ್ನ ಅವನು ಬಂಡೆಯ ಮೇಲೆ ನಿಂತು, "ಬಾ" ಅಂದ. ನಾನು ಹಾರಿದೆ. "ಬಂದ್ಯಾ? ಈಗ ನಾನು" ಅಂದು ಮುಂದಿನದಕ್ಕೆ ಹಾರಿದ. ಮತ್ತೆ "ಬಾ". ಅಂಗಳದಲ್ಲಿ ಮೆಟ್ಟಿಲು ಇಳಿಯಲು ಕಲಿಯುವ ಮಗುವಿಗೆ ಹೇಳುವ ಹಾಗೆ, ಪ್ರತಿ ಬಂಡೆಗೂ ಒಂದು "ಬಾ". ಅವತ್ತು ಜಲಪಾತ ದಾಟಿದೆವು. ಕಾಂಟ್ರಾವನ್ನು ನಾನು ಇಷ್ಟು ಮೇಲಿಡುವುದು ಬಂದೂಕುಗಳಿಗಾಗಿ ಅಲ್ಲ, ಎಸ್ ಅಕ್ಷರದ ಗನ್ ಎಷ್ಟೇ ಚೆನ್ನಾಗಿದ್ದರೂ. ಅವಸರದ ಹುಡುಗನಿಗೆ ನಿಂತು ಕಾಯುವುದನ್ನು ಅದು ಕಲಿಸಿತು, ಅದಕ್ಕೆ.

ಕಾಂಟ್ರಾದಲ್ಲಿ 30 ಲೈಫ್ ಸಿಗುವ ಗುಟ್ಟೂ ಇದೆ, ರಿಮೋಟ್‌ನ ಬಟನ್‌ಗಳನ್ನು ಹೀಗೆ ಸಾಲಾಗಿ ಒತ್ತುವುದು. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ. ಇದನ್ನು ಮೊದಲು ಮಾಡಿದವರು ಕೊನಾಮಿಯ ಕಜುಹಿಸಾ ಹಶಿಮೊಟೊ, 1986ರ ಗ್ರೇಡಿಯಸ್ ಎಂಬ ಗೇಮಿಗಾಗಿ. ಆ ಗೇಮ್ ಅವರಿಗೇ ತುಂಬಾ ಕಷ್ಟವಾಗಿತ್ತು, ಪರೀಕ್ಷೆ ಮಾಡಲು ಸುಲಭವಾಗಲಿ ಅಂತ ಹಾಕಿಕೊಂಡದ್ದು ಹಾಗೇ ಉಳಿಯಿತು. 2020ರಲ್ಲಿ ಅವರು ತೀರಿಕೊಂಡಾಗ ಜಗತ್ತಿನ ಎಲ್ಲೆಲ್ಲಿಂದಲೋ ಜನ ಈ ಹತ್ತು ಒತ್ತುಗಳನ್ನೇ ಬರೆದು ನೆನೆದರು. ನಾನೂ ಮನಸ್ಸಿನಲ್ಲಿ ಒತ್ತಿದೆ. ಇಬ್ಬರು ಆಡುವುದಾದರೆ ಕೊನೆಗೆ ಸ್ಟಾರ್ಟ್‌ಗೆ ಮುಂಚೆ ಸೆಲೆಕ್ಟ್ ಒತ್ತಬೇಕು. ಎರಡನೆಯವರಿಗೂ ಲೈಫ್ ಸಿಗುವುದು ಆ ಒಂದು ಒತ್ತಿನಿಂದ.

ಚಿಪ್ ಎನ್ ಡೇಲ್ ಎಂಬ ಅಳಿಲುಗಳ ಗೇಮ್ ನಮ್ಮಲ್ಲಿರಲಿಲ್ಲ, ಪಕ್ಕದ ಬೀದಿಯ ಗೆಳತಿಯ ಮನೆಯಲ್ಲಿ ಆಡಿದ್ದು. ಕ್ಯಾಪ್‌ಕಾಮ್ ಕಂಪನಿಯದು, 1990. ಇದರಲ್ಲಿ ಒಬ್ಬರನ್ನೊಬ್ಬರು ಎತ್ತಿಕೊಂಡು ಓಡಬಹುದು, ಎಸೆಯಬಹುದು. ಇಷ್ಟು ಹೇಳಿದರೆ ಸಾಕು, ಇಬ್ಬರ ಆಟ ಹೇಗಿರಬೇಕು ಅಂತ ಬಲ್ಲವರು ಮಾಡಿದ್ದು.

ಈಗ ಟ್ಯಾಂಕ್. ಅದರ ನಿಜವಾದ ಹೆಸರು ಬ್ಯಾಟಲ್ ಸಿಟಿ, ನಾಮ್ಕೊ ಕಂಪನಿಯದು, 1985. ನಮಗೆ ಅದು ಯಾವತ್ತೂ ಬರೀ ಟ್ಯಾಂಕ್. ಬೇಕಾದವರು ಮಾರಿಯೋ ಇಟ್ಟುಕೊಳ್ಳಲಿ. ಎರಡನೇ ರಿಮೋಟ್ ಹಿಡಿದವಳಾಗಿ ನಾನು ಹೇಳುತ್ತೇನೆ, ಈ ಪೆಟ್ಟಿಗೆಯ ಅತ್ಯಂತ ದೊಡ್ಡ ಗೇಮ್ ಇದೇ.

ಪರದೆಯ ಕೆಳಗೆ ನಡುವೆ, ನಾವು ಕಾಪಾಡಬೇಕಾದ ಒಂದು ಹದ್ದು. ಅದರ ಸುತ್ತ ಇಟ್ಟಿಗೆ ಗೋಡೆ. ಮೇಲಿನಿಂದ ಮೂರು ಕಡೆ ಶತ್ರು ಟ್ಯಾಂಕ್‌ಗಳು ಬರುತ್ತವೆ, ಒಂದು ಲೆವೆಲ್‌ಗೆ 20. ಇಟ್ಟಿಗೆ ಒಡೆಯುತ್ತದೆ, ಉಕ್ಕು ಸುಲಭಕ್ಕೆ ಒಡೆಯುವುದಿಲ್ಲ, ನೀರು ದಾಟಲಾಗುವುದಿಲ್ಲ, ಪೊದೆಯೊಳಗೆ ಹೋದರೆ ಕಾಣಿಸುವುದಿಲ್ಲ, ಮಂಜಿನ ಮೇಲೆ ಜಾರುತ್ತದೆ. ಇಷ್ಟೇ ಸಾಮಾನು. ಇಷ್ಟರಲ್ಲೇ 35 ಲೆವೆಲ್, ಒಂದರಂತೆ ಇನ್ನೊಂದಿಲ್ಲ. ಅಣ್ಣನ ಟ್ಯಾಂಕ್ ಹದ್ದಿನ ಎಡಕ್ಕೆ, ನನ್ನದು ಬಲಕ್ಕೆ. ಸರದಿ ಇಲ್ಲ, ಕಾಯುವುದಿಲ್ಲ, ಪರದೆ ಯಾರ ಜೊತೆಗೂ ಓಡಿ ಹೋಗುವುದಿಲ್ಲ. ಮೊದಲನೆಯವರಿಗೆ ಇರುವುದೆಲ್ಲ ಎರಡನೆಯವರಿಗೂ ಇದೆ. ನಕ್ಷತ್ರ ನಾನು ತಿಂದರೆ ನನ್ನ ಗುಂಡಿಗೆ ವೇಗ, ಸಲಿಕೆ ತಿಂದರೆ ಹದ್ದಿನ ಗೋಡೆ ಉಕ್ಕಾಗುತ್ತದೆ, ಅದರಿಂದ ಇಬ್ಬರಿಗೂ ಒಳ್ಳೆಯದು.

ಇದರ ಎರಡು ನಿಯಮಗಳನ್ನು ನಾನು ಎಷ್ಟು ಯೋಚಿಸಿದ್ದೇನೋ ಲೆಕ್ಕವಿಲ್ಲ. ಮೊದಲನೆಯದು, ಜೊತೆಯವರ ಟ್ಯಾಂಕಿಗೆ ಗುಂಡು ತಾಗಿದರೆ ಅದು ಸಾಯುವುದಿಲ್ಲ. ಸ್ವಲ್ಪ ಹೊತ್ತು ಮಿನುಗುತ್ತಾ ನಿಂತಲ್ಲೇ ನಿಲ್ಲುತ್ತದೆ, ಅಷ್ಟೇ. ಪೂರ್ತಿ ಸಾಯಿಸುವ ಹಾಗಿದ್ದರೆ ಮನೆಯಲ್ಲಿ ದಿನಾ ಯುದ್ಧ. ಏನೂ ಆಗದಿದ್ದರೆ ಎಚ್ಚರವೇ ಬೇಕಿಲ್ಲ. ಸ್ವಲ್ಪ ಹೊತ್ತು ನಿಲ್ಲುವುದು ಅಂದರೆ, ನಿನ್ನ ತಪ್ಪಿಗೆ ಇನ್ನೊಬ್ಬರಿಗೆ ತೊಂದರೆಯಾಯಿತು, ಈಗ ನೀನೇ ಅವರ ಮುಂದೆ ನಿಂತು ಕಾಯಿ ಅಂತ. ನಾನು ಅಣ್ಣನಿಗೆ ಹೊಡೆದುಬಿಟ್ಟ ಕೂಡಲೇ ಅವನ ಮುಂದೆ ಹೋಗಿ ಅಡ್ಡ ನಿಲ್ಲುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ.

ಎರಡನೆಯದು, ಹದ್ದನ್ನು ನಾವೇ ಹೊಡೆದರೂ ಅದು ಸಾಯುತ್ತದೆ. ಯಾರು ಹೊಡೆದರು ಅಂತ ಗೇಮ್ ಕೇಳುವುದಿಲ್ಲ. ಎಷ್ಟು ಲೈಫ್ ಉಳಿದಿದ್ದರೂ ಇಬ್ಬರಿಗೂ ಗೇಮ್ ಓವರ್. ಇಬ್ಬರು ಒಂದು ಮನೆಯಲ್ಲಿ ಬದುಕುವುದರ ಬಗ್ಗೆ ಇದಕ್ಕಿಂತ ನೇರವಾದ ಮಾತನ್ನು ನಾನು ಬೇರೆ ಯಾವ ಗೇಮಿನಲ್ಲೂ ಕಂಡಿಲ್ಲ.

ಲೆವೆಲ್ ಕಟ್ಟುವ ಸೌಲಭ್ಯವೂ ಅದರಲ್ಲೇ ಇದೆ. ಮೊದಲ ಪರದೆಯ ಮೂರನೇ ಸಾಲು, ಕನ್‌ಸ್ಟ್ರಕ್ಷನ್. ಟ್ಯಾಂಕನ್ನು ಓಡಿಸುತ್ತಾ ಬೇಕಾದ ಕಡೆ ಇಟ್ಟಿಗೆ, ಉಕ್ಕು, ನೀರು ಇಡಬಹುದು. ರಿಮೋಟ್ ಅಣ್ಣನದೇ. ನಾನು ಒಂದು ಹಳೇ ಚೌಕುಳಿ ಲೆಕ್ಕದ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ನಕ್ಷೆ ಬರೆದು ಕೊಡುತ್ತಿದ್ದೆ. ಇಟ್ಟಿಗೆಗೆ ಗೀಟು, ನೀರಿಗೆ ಅಲೆ, ಉಕ್ಕಿಗೆ ಪೂರ್ತಿ ಕಪ್ಪು ಚೌಕ. ಅವನು ಪುಸ್ತಕವನ್ನು ಕಾಲ ಮೇಲಿಟ್ಟುಕೊಂಡು ಒಂದೊಂದೇ ಮನೆ ನೋಡುತ್ತಾ ಕಟ್ಟುತ್ತಿದ್ದ. ಪೆಟ್ಟಿಗೆ ಆಫ್ ಮಾಡಿದರೆ ಕಟ್ಟಿದ್ದೆಲ್ಲ ಹೋಗುತ್ತಿತ್ತು, ಪುಸ್ತಕ ಉಳಿಯುತ್ತಿತ್ತು. ಮರುದಿನ ಮತ್ತೆ ಮೊದಲಿಂದ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಒಂದು ಹಾಳೆಯಲ್ಲಿ ಹದ್ದಿನ ಸುತ್ತ ಮೂರು ಸುತ್ತು ಕಪ್ಪು ಚೌಕ, ಪಕ್ಕದಲ್ಲಿ ಅಣ್ಣನ ಅಕ್ಷರದಲ್ಲಿ, "ಇಷ್ಟೊಂದು ಬೇಡ, ನಾವೂ ಹೊರಗೆ ಹೋಗಬೇಕಲ್ವಾ".

ಈ ಯುಗಾದಿಗೆ ಮೈಸೂರಿನಲ್ಲಿ ಅಣ್ಣನ ಮನೆಗೆ ಹೋಗಿದ್ದೆ. ಅಟ್ಟ ಚೊಕ್ಕಟ ಮಾಡುವಾಗ ಹಳೇ ಪೆಟ್ಟಿಗೆ ಸಿಕ್ಕಿತು ಅಂತ ತೆಗೆದಿಟ್ಟಿದ್ದ. ಅದರ ಹಿಂದೆ ಹಳದಿ ವೈರ್ ಚುಚ್ಚುವ ಜಾಗವೂ ಇತ್ತು, ನಮ್ಮ ಹಾಸನದ ಟಿವಿಗೆ ಅದು ಯಾವತ್ತೂ ಬೇಕಾಗಿರಲಿಲ್ಲ. ಈಗಿನ ದೊಡ್ಡ ಟಿವಿಗೆ ಸಿಕ್ಕಿಸಿ, ಕ್ಯಾಸೆಟ್‌ನ ಕಾಲುಗಳನ್ನು ಒಣ ಬಟ್ಟೆಯಿಂದ ಒರೆಸಿ, ಮೂರನೇ ಸಲ ಚುಚ್ಚಿದಾಗ ಪಟ್ಟಿ ಬಂತು. ಅಣ್ಣ ಟಿವಿ ನೋಡುತ್ತಲೇ, ತಿರುಗಿ ನೋಡದೆ, ಎರಡನೇ ರಿಮೋಟನ್ನು ನನ್ನ ಕಡೆ ಚಾಚಿದ. ನಾನು ಅದನ್ನು ಅವನ ಮಗಳ ಕೈಗೆ ಕೊಟ್ಟೆ. ಅವಳಿಗೆ ಒಂಬತ್ತು ವರ್ಷ. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅತ್ತೆ, ಇದರಲ್ಲಿ ಸ್ಟಾರ್ಟೇ ಇಲ್ವಲ್ಲ?"

"ಇಲ್ಲ ಪುಟ್ಟ. ಅಪ್ಪ ಒತ್ತುತ್ತಾನೆ. ನೀನು ಹದ್ದಿನ ಬಲಗಡೆ ನೋಡ್ತಾ ಇರು."

ಸಂಗೀತ ಬಂತು. ಬೂದು ಪರದೆ ಎರಡೂ ಕಡೆಗೆ ತೆರೆಯಿತು. ಎಡಕ್ಕೆ ಹಳದಿ ಟ್ಯಾಂಕ್. ಬಲಕ್ಕೆ, ನನ್ನ ಜಾಗದಲ್ಲಿ, ಎಲೆಯ ಹಾಗೆ ಹಸಿರು.

"ಹಸಿರು ನಂದಾ?" ಅಂದಳು.

"ಹೂಂ," ಅಂದೆ, "ಹಸಿರು ನಿಂದು."